‘ಬರ್ತದೆ ಹೋಗಪ್ಪ’ ಅಂದರು, ಇನ್ನೂ ಬಂದಿಲ್ಲ!

ತಾಲ್ಲೂಕು ಪೇಟೆಯ ಎಪಿಎಂಸಿ ಯಾರ್ಡು. ಬೆಳಿಗ್ಗೆ ಹನ್ನೊಂದಾಯಿತೆಂದರೆ ಅಲ್ಲಿನ ಒಂದು ಮಂಡಿಯ ಕಟ್ಟೆಯ ಮೇಲೆ ಒಬ್ಬ ಆಸಾಮಿ ರಸ್ತೆಯನ್ನೇ ನೋಡುತ್ತ ಕೂತಿರುತ್ತಾನೆ. ಗಿರಾಕಿಗಲ್ಲ, ಲಾರಿಗಲ್ಲ, ಪೋಸ್ಟ್‌ಮನ್ನಿಗೆ. ಆತ ಸೈಕಲ್ ನಿಲ್ಲಿಸದೆ ಕೈ ಆಡಿಸಿ ಮುಂದೆ ಹೋದನೆಂದರೆ ‘ಇವತ್ತೂ ಇಲ್ಲ’ ಎಂದರ್ಥ.

ಈತ ಇಪ್ಪತ್ತು ವರ್ಷ ಇದೇ ಯಾರ್ಡಿನಲ್ಲಿ ಹಮಾಲಿ. ಕ್ವಿಂಟಲ್ ಚೀಲ ಬೆನ್ನಿಗೇರಿಸಿ ಹಲಗೆ ಹತ್ತುತ್ತಿದ್ದ ಆಳು. ಒಂದು ದಿನ ಪೇರಿಸಿದ್ದ ಚೀಲಗಳು ಜರಿದು ಮೈಮೇಲೆ ಬಿದ್ದವು. ಸೊಂಟದ ಕೀಲೂ ಹೋಯಿತು, ಬಲ ಮೊಣಕಾಲೂ ಹೋಯಿತು. ಈಗ ಸ್ಟೂಲಿನ ಮೇಲೆ ಕೂತು ದಬ್ಬಳ ಹಿಡಿದು ಚೀಲದ ಬಾಯಿ ಹೊಲಿಯುತ್ತಾನೆ. ಸಾವ್ಕಾರರು ಕೊಟ್ಟಷ್ಟು ಕೂಲಿ.

ಮೊದಲು ಆಸ್ಪತ್ರೆಯವರು ಶೇಕಡಾ 45 ಅಂಗವೈಕಲ್ಯ ಎಂದು ಐದು ವರ್ಷದ ತಾತ್ಕಾಲಿಕ ಸರ್ಟಿಫಿಕೇಟು ಕೊಟ್ಟಿದ್ದರು. ತಿಂಗಳಿಗೆ 800 ರೂಪಾಯಿ ಮಾಸಾಶನ ಬರುತ್ತಿತ್ತು. ಅವಧಿ ಮುಗಿದು ಮತ್ತೆ ಪರೀಕ್ಷೆಗೆ ಹೋದರೆ, ಈ ಸಲ ಬರೆದದ್ದು 35! ಕಾನೂನಿನ ಗೆರೆ ಇರುವುದು 40ಕ್ಕೆ. ಐದು ಅಂಕ ಕಮ್ಮಿಯಾದ್ದಕ್ಕೆ ಮಾಸಾಶನವೂ ನಿಂತಿತು, ಸಾರಿಗೆ ಸಂಸ್ಥೆಯ ರಿಯಾಯಿತಿ ಪಾಸೂ ಹೋಯಿತು. ಬಸ್ಸಿನಲ್ಲಿ ಓಡಾಡುವವರಿಗೆ ಈ ತಮಾಷೆ ಬೇಗ ಅರ್ಥವಾದೀತು: 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಡತಿಗೆ ಸೊನ್ನೆ ಟಿಕೆಟ್ಟು, ಪಕ್ಕದಲ್ಲಿ ಕೋಲು ಹಿಡಿದು ಕೂತ ಗಂಡನಿಗೆ ಪೂರ್ತಿ ಚಾರ್ಜು.

2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಪ್ರಕಾರ ಸರ್ಟಿಫಿಕೇಟಿನ ಮೇಲೆ ಮೇಲ್ಮನವಿಗೆ ಅವಕಾಶ ಉಂಟು. 90 ದಿನದೊಳಗೆ ಹಾಕಬೇಕು. ಇದು ಈತನಿಗೆಲ್ಲಿ ಗೊತ್ತು? ಪುರಸಭೆಯ ಪುನರ್ವಸತಿ ಕಾರ್ಯಕರ್ತ ಹೇಳಿ, ಅರ್ಜಿಯನ್ನೂ ಬರೆದುಕೊಟ್ಟ. ಮನೆ ವಠಾರದಲ್ಲಿ, ಕಾಗದ ಯಾರ ಕೈಗೋ ಸಿಕ್ಕೀತು ಎಂದು ವಿಳಾಸ ಮಂಡಿಯದೇ ಕೊಟ್ಟದ್ದು.

ವಿಚಾರಣೆ ಜಿಲ್ಲಾ ಕೇಂದ್ರದಲ್ಲಿ ಆಯಿತು. ಒಂದೂವರೆ ಗಂಟೆ ಬಸ್ಸು. ಕುಲುಕಾಟ ತಡೆಯುವುದಿಲ್ಲವೆಂದು ಈತ ಹೊರಡುವ ಮುಂಚೆ ಎರಡು ನೋವಿನ ಮಾತ್ರೆ ನುಂಗಿದ. ಅಲ್ಲೇ ಎಡವಟ್ಟಾಯಿತು ನೋಡಿ. ಡಾಕ್ಟರ ಮುಂದೆ ನಿಂತಾಗ ಕಾಲು ಎಂದಿಗಿಂತ ಹಗುರ! ಬಗ್ಗು ಅಂದರು, ಬಗ್ಗಿದ. ಕೂರು ಅಂದರು, ಕೂತ. ಮೊಣಕಾಲು ಎಷ್ಟು ಮಡಿಸುತ್ತದೆ ಎಂದು ಅಳೆದರು.

‘ಎಷ್ಟು ದೂರ ನಡೀತೀಯಪ್ಪ?’

‘ನಡೀತೀನಿ ಸಾರ್.’

ಅಷ್ಟೇ. ಜೀವಮಾನದಲ್ಲಿ ಮೇಸ್ತ್ರಿಯ ಮುಂದೆ ಆಗಲ್ಲ ಅಂದವನಲ್ಲ. ಆಗಲ್ಲ ಅಂದ ಹಮಾಲಿಗೆ ಮಾರನೇ ದಿನ ಕೆಲಸವೆಲ್ಲಿಯದು? ನಾಲಿಗೆಗೆ ಅದೇ ರೂಢಿ. ಹತ್ತು ಹೆಜ್ಜೆಗೊಮ್ಮೆ ಗೋಡೆ ಹಿಡಿಯುತ್ತೇನೆ, ರಾತ್ರಿ ಮಗ್ಗುಲು ಬದಲಿಸೋಕೆ ಹೆಂಡತಿ ಬೇಕು ಎಂಬುದೆಲ್ಲ ಬಾಯಿಗೆ ಬಂದದ್ದು ವಾಪಸು ಬರುವ ಬಸ್ಸು ಹತ್ತಿದ ಮೇಲೆ. ಡಾಕ್ಟರು ಅಳೆಯುವುದು ಕೀಲಿನ ಬಾಗು, ಸ್ನಾಯುವಿನ ಬಲ. ಚೀಲ ಹೊರುವವನ ಸಂಪಾದನೆ ಎಷ್ಟು ಹೋಯಿತೆಂದು ಅಲ್ಲಿ ಯಾರೂ ಲೆಕ್ಕ ಹಾಕುವುದಿಲ್ಲ.

‘ಆರ್ಡರ್ ಯಾವಾಗ ಸಾರ್?’ ಎಂದು ಹೊರಗಿನ ಟೇಬಲ್ಲಿನಲ್ಲಿ ಕೇಳಿದರೆ ‘ಬರ್ತದೆ ಹೋಗಪ್ಪ’ ಅಂದರು.

ಅಲ್ಲಿಂದ ಮನೆಯಲ್ಲಿ ದಿನಾ ಒಂದೇ ಮಾತು. ‘ನಡೆಯೋಕಾಗಲ್ಲ ಅನ್ನೋಕೆ ಏನಾಗಿತ್ರೀ ನಿಮಗೆ?’ ಎಂದು ಆಕೆ. ‘ಸುಳ್ಳು ಹೇಳ್ಲೇನೇ?’ ಎಂದು ಈತ. ಆಕೆ ಬೀಡಿ ಕಟ್ಟಿ ಸಂಸಾರ ತೂಗಿಸುತ್ತಿದ್ದಾಳೆ. 800 ರೂಪಾಯಿ ಎಂದರೆ ದೊಡ್ಡವರು ನಕ್ಕಾರು, ಆದರೆ ಈ ಮನೆಯಲ್ಲಿ ಅದು ಮಾತ್ರೆಯ ದುಡ್ಡು, ಗ್ಯಾಸಿನ ದುಡ್ಡಿನ ಮುಕ್ಕಾಲು ಪಾಲು. ಅಂಗಡಿಯಲ್ಲಿ ಬರೆಸಿದ ಸಾಲಕ್ಕೆ ‘ಆರ್ಡರ್ ಬರಲಿ’ ಎಂದು ವಾಯಿದೆ ಹೇಳಿದ್ದಾಗಿದೆ. ಅಂಗಡಿಯವರೂ ಪಾಪ, ಕೇಳುವುದನ್ನು ಬಿಟ್ಟಿದ್ದಾರೆ.

ಮೇಲ್ಮನವಿಯನ್ನು 60 ದಿನದೊಳಗೆ ತೀರ್ಮಾನಿಸಬೇಕೆಂದು ನಿಯಮ. ಎಣಿಕೆ ವಿಚಾರಣೆ ನಡೆದ ದಿನದಿಂದಲ್ಲ, ಅರ್ಜಿ ಮುಟ್ಟಿದ ದಿನದಿಂದ. ಇದನ್ನೂ ಆ ಕಾರ್ಯಕರ್ತನೇ ಹೇಳಿದ್ದು. ದಿನ ಮೀರಿದರೆ ಅಂಗವಿಕಲರ ರಾಜ್ಯ ಆಯುಕ್ತರಿಗೆ ಬರೆಯೋಣ ಎಂದೂ ಹೇಳಿದ್ದಾನೆ. ಈತ ಮಂಡಿಯ ಕ್ಯಾಲೆಂಡರಿನಲ್ಲಿ ಸೀಸದ ಕಡ್ಡಿಯಿಂದ ದಿನಾ ಒಂದು ಗೀಟು ಎಳೆಯುತ್ತಾನೆ.

ಮೊನ್ನೆ ಪೋಸ್ಟ್‌ಮನ್ ಸೈಕಲ್ ನಿಲ್ಲಿಸಿದ. ದಬ್ಬಳ ಕೆಳಗೆ ಬಿತ್ತು, ಕೋಲು ಹುಡುಕಿ ಎದ್ದ. ಬಂದದ್ದು ಸಾವ್ಕಾರರ ಮನೆಯ ಲಗ್ನಪತ್ರಿಕೆ. ಈತ ಅದನ್ನು ಒಳಗೆ ಕೊಟ್ಟು ಬಂದು, ಐವತ್ತೆರಡನೇ ಗೀಟು ಎಳೆದು, ಅರ್ಧ ಹೊಲಿದ ಚೀಲದ ಮುಂದೆ ಕೂತ.