ಉಸಿರೆಳೆದುಕೊಂಡರೂ ನಿಲ್ಲದ ನಾದ

ಬ್ಯಾಗ್‌ಪೈಪ್ ಕಲಿಯುವವರಿಗೆ ಫ್ಲ್ಯಾಟು ಹೇಳಿ ಮಾಡಿಸಿದ ಜಾಗವಲ್ಲ. ಅದರ ಸದ್ದು 100 ಡೆಸಿಬೆಲ್ ದಾಟುತ್ತದೆ; ಮೆಲ್ಲಗೆ ನುಡಿಸುವ ಉಪಾಯವೂ ಇಲ್ಲ. ಹಾಗಾಗಿ ಛತ್ರಪತಿ ಸಂಭಾಜಿನಗರದ ನಮ್ಮ ಮನೆಯಲ್ಲಿ ನನ್ನ ಅಭ್ಯಾಸವೆಲ್ಲ ಪ್ರಾಕ್ಟೀಸ್ ಚಾಂಟರ್ ಎಂಬ ಮೆಲುದನಿಯ ಕೊಳವೆಯ ಮೇಲೆ. ಅದರಲ್ಲಿ ಬೆರಳು ಪಳಗುತ್ತದೆ. ಆದರೆ ಚೀಲವಿಲ್ಲದ ಕಾರಣ ತೋಳು ಪಳಗುವುದಿಲ್ಲ. ಪೂರ್ತಿ ವಾದ್ಯಕ್ಕೆ ಭಾನುವಾರದ ಊರಾಚೆಯ ಬಯಲೇ ಗತಿ. ಹತ್ತಿರದಲ್ಲಿ ಗುರುಗಳಿಲ್ಲ. ಇದನ್ನು ಮುಂದುವರಿಸಬೇಕೇ ಎಂಬ ಪ್ರಶ್ನೆ ತಲೆಯಲ್ಲಿ ಇದ್ದೇ ಇತ್ತು.

ಪೈಪ್ ಬ್ಯಾಂಡನ್ನು ಎದುರು ನಿಂತು ಕೇಳಲೆಂದೇ ವೈಜಾಪುರ, ಯೇವಲಾ ದಾಟಿ ನಾಶಿಕಕ್ಕೆ ಹೋದೆ. ಪಕ್ಕದ ದೇವಳಾಲಿಯಲ್ಲಿ ಸೇನೆಯ ಫಿರಂಗಿದಳದ ಶಾಲೆಯಿರುವುದರಿಂದ ಆ ಊರಿಗೆ ಮಿಲಿಟರಿ ಬ್ಯಾಂಡು ಹೊಸತಲ್ಲ.

ಮೊದಲು ಡ್ರಮ್ಮಿನ ಎರಡು ಉರುಳಿಕೆ. ಆಮೇಲೆ ಹೆಗಲ ಮೇಲಿನ ಡ್ರೋನ್ ಕೊಳವೆಗಳು ಒಟ್ಟಿಗೆ ದನಿಯೆತ್ತುತ್ತವೆ. ಪ್ರತಿ ವಾದ್ಯಕ್ಕೂ ಅಂಥವು ಮೂರು, ಮೂರರದ್ದೂ ಷಡ್ಜವೇ. ಅದರ ಮೇಲೆ ಚಾಂಟರಿನ ಪಂಚಮ ಬಂದು ಕೂರುತ್ತದೆ, ಆಮೇಲಷ್ಟೇ ಟ್ಯೂನು. ತಂಬೂರಿ ಕೇಳಿ ಬೆಳೆದ ಕಿವಿಗೆ ಇದು ಪರಕೀಯ ಅನ್ನಿಸುವುದೇ ಇಲ್ಲ. ದಕ್ಷಿಣದ ತಿತ್ತಿ ಎಂಬ ವಾದ್ಯವೂ ಶ್ರುತಿ ಹಿಡಿಯುವ ಚರ್ಮದ ಚೀಲವೇ ತಾನೆ? ಚಾಂಟರಿನಲ್ಲಿ ಸಿಗುವುದು ಒಂಬತ್ತೇ ಸ್ವರ. ಮಂದ್ರ ನಿಷಾದದಿಂದ ತಾರ ಷಡ್ಜದವರೆಗೆ ಹೆಚ್ಚುಕಡಿಮೆ ನಮ್ಮ ಹರಿಕಾಂಭೋಜಿಯ ಮೆಟ್ಟಿಲುಗಳು.

ನಾಗಸ್ವರದವರು ನಾಲಗೆಯಿಂದ ಸ್ವರ ಬಿಡಿಸುತ್ತಾರೆ. ಇಲ್ಲಿ ರೀಡು ಬಾಯಿಗೆ ತಾಗುವುದೇ ಇಲ್ಲ, ನಾದ ತುಂಡಾಗುವುದೂ ಇಲ್ಲ. ಒಂದೇ ಸ್ವರ ಎರಡು ಸಲ ಬರಬೇಕಾದರೆ ನಡುವೆ ಬೆರಳಿನಿಂದ ಇನ್ನೊಂದು ಚಿಟಿಕೆ ಸ್ವರ ತೂರಿಸಬೇಕು.

ಇದೆಲ್ಲ ವೀಡಿಯೊಗಳಿಂದಲೂ ತಿಳಿಯುತ್ತದೆ. ಆದರೆ ಅಲ್ಲಿ ಕ್ಯಾಮೆರಾ ಬೆರಳನ್ನೇ ಹಿಂಬಾಲಿಸುತ್ತದೆ. ನಾಶಿಕದಲ್ಲಿ ನಾನು ನೋಡಿದ್ದು ಎಡ ಮೊಣಕೈಯನ್ನು. ಪೈಪರ್ ಉಸಿರೆಳೆದುಕೊಳ್ಳುವಾಗ ಆ ಮೊಣಕೈ ಚೀಲವನ್ನು ಮೆಲ್ಲಗೆ ಅದುಮುತ್ತದೆ. ಊದುವಾಗ ಅಷ್ಟೇ ಮೆಲ್ಲಗೆ ಸಡಿಲಿಸುತ್ತದೆ. ಒಳಗಿನ ಒತ್ತಡ ಬದಲಾಗದು, ಹಾಗಾಗಿ ಶ್ರುತಿಯೂ ಅಲುಗದು. ಹಾಡು ಬೆರಳಿನದ್ದು, ನಾದ ತೋಳಿನದ್ದು.

ಈಗ ಭಾನುವಾರದ ಬಯಲಿನಲ್ಲಿ ಮೊದಲ ಹತ್ತು ನಿಮಿಷ ಟ್ಯೂನು ಮುಟ್ಟುವುದಿಲ್ಲ. ಒಂದೇ ಪಂಚಮ, ಕಣ್ಣುಮುಚ್ಚಿ. ನಿಮ್ಮೂರಿಗೆ ಪೈಪ್ ಬ್ಯಾಂಡು ಬಂದರೆ ತಪ್ಪದೆ ಹೋಗಿ. ಮುಂದಿನ ಸಾಲಿನಲ್ಲಿ ನಿಂತು ಎಡ ಮೊಣಕೈ ನೋಡಿ.