ಟೋಕಿಯೊ ಡಿಸ್ನಿಯ ಅಕ್ಕ–ತಂಗಿ: ಮೊದಲ ಸಲ ಹೋಗುವವರಿಗೆ

ಟೋಕಿಯೊ ಡಿಸ್ನಿಲ್ಯಾಂಡ್ ಇರುವುದು ಟೋಕಿಯೊದಲ್ಲಲ್ಲ. ಊರಿನ ಹೆಸರು ಉರಾಯಾಸು, ಪಕ್ಕದ ಚಿಬಾ ಪ್ರಾಂತ್ಯಕ್ಕೆ ಸೇರಿದ್ದು. ಒಂದು ಕಾಲಕ್ಕೆ ಅದು ನೊರಿ ಎಂಬ ಕಡಲಪಾಚಿ ಬೆಳೆಯುತ್ತ, ಚಿಪ್ಪುಮೀನು ಹೆಕ್ಕುತ್ತ ಬದುಕುತ್ತಿದ್ದ ಬೆಸ್ತರ ಊರು. ಕಾರ್ಖಾನೆಯ ಕೊಳೆನೀರು ಸೇರಿ ಕಡಲು ಕೆಟ್ಟಿತು. ಬೆಸ್ತರು ಹಂತಹಂತವಾಗಿ ಮೀನುಗಾರಿಕೆಯ ಹಕ್ಕನ್ನು ಬಿಟ್ಟುಕೊಟ್ಟರು, ಕೊಲ್ಲಿಗೆ ಮಣ್ಣು ತುಂಬಿ ಹೊಸ ನೆಲ ಎಬ್ಬಿಸಲಾಯಿತು. ಆ ಕೆಲಸಕ್ಕೆಂದು 1960ರಲ್ಲಿ ಹುಟ್ಟಿದ ಓರಿಯೆಂಟಲ್ ಲ್ಯಾಂಡ್ ಕಂಪನಿಯೇ ಇವತ್ತಿಗೂ ಇಲ್ಲಿನ ಎರಡೂ ಪಾರ್ಕುಗಳ ಒಡೆಯ. ಅಮೆರಿಕದ ಡಿಸ್ನಿ ಕಂಪನಿಗೆ ಹೋಗುವುದು ರಾಯಲ್ಟಿ ಮಾತ್ರ. ಮಿಕ್ಕಿ ಅಮೆರಿಕದವನು, ಮನೆ ಮಾತ್ರ ಜಪಾನಿಯರದು. ಇಲ್ಲಿನ ಶಿಸ್ತು, ಚೊಕ್ಕಟತನ, ರಿಪೇರಿಗೆ ಸುರಿಯುವ ಹಣ ಎಲ್ಲದರ ಹಿಂದೆ ಇರುವುದು ಈ ಏರ್ಪಾಡು.

ಅಕ್ಕ ಡಿಸ್ನಿಲ್ಯಾಂಡ್ ಬಾಗಿಲು ತೆರೆದದ್ದು 1983ರ ಏಪ್ರಿಲ್ 15ರಂದು. ಅಮೆರಿಕದ ಹೊರಗೆ ಕಟ್ಟಿದ ಮೊದಲ ಡಿಸ್ನಿ ಪಾರ್ಕ್ ಅದು. ತಂಗಿ ಡಿಸ್ನಿಸೀ ಬಂದದ್ದು 2001ರ ಸೆಪ್ಟೆಂಬರ್ 4ಕ್ಕೆ, ಹದಿನೆಂಟು ವರ್ಷ ಕಳೆದ ಮೇಲೆ. ಹಿರಿಯಳದು 51 ಹೆಕ್ಟೇರ್. ಕಿರಿಯಳದು 2024ರ ವಿಸ್ತರಣೆಗೆ ಮೊದಲು 49. ಒಂದರ ಗೇಟಿನಿಂದ ಇನ್ನೊಂದರ ಗೇಟಿಗೆ ಮಾನೊರೈಲಿನಲ್ಲಿ ಕೆಲವೇ ನಿಮಿಷ. ಆದರೆ ಒಂದು ದಿನದ ಟಿಕೆಟ್ ಒಂದೇ ಪಾರ್ಕಿಗೆ ನಡೆಯುತ್ತದೆ. ಬೆಳಿಗ್ಗೆ ಅಲ್ಲಿ, ಸಂಜೆ ಇಲ್ಲಿ ಎಂದು ಲೆಕ್ಕ ಹಾಕಿ ಹೋದವರಿಗೆ ನಿರಾಸೆ ಖಂಡಿತ. ಹಾಗಾಗಿ ಮೊದಲ ಸಲ ಹೊರಟವರು ಮನೆಯಲ್ಲೇ ತೀರ್ಮಾನಿಸಬೇಕಾದ ಪ್ರಶ್ನೆ ಒಂದೇ: ಯಾವುದು?

ಡಿಸ್ನಿಲ್ಯಾಂಡ್ ನೋಡಿದರೆ ಎಲ್ಲೋ ನೋಡಿದ ಹಾಗೆ ಅನಿಸುತ್ತದೆ. ಹಾಗೆ ಅನಿಸಲೆಂದೇ ಅದನ್ನು ಕಟ್ಟಿರುವುದು. ನಡುವೆ 51 ಮೀಟರ್ ಎತ್ತರದ ಸಿಂಡರೆಲಾ ಕೋಟೆ, ಫ್ಲಾರಿಡಾದ ಕೋಟೆಯ ಪಡಿಯಚ್ಚು. ಅದರ ಸುತ್ತ ಅಡ್ವೆಂಚರ್‌ಲ್ಯಾಂಡ್, ವೆಸ್ಟರ್ನ್‌ಲ್ಯಾಂಡ್, ಫ್ಯಾಂಟಸಿಲ್ಯಾಂಡ್, ಟುಮಾರೋಲ್ಯಾಂಡ್ ಮುಂತಾದ ಏಳು ವಿಭಾಗಗಳು. ಅಮೆರಿಕದ ಪಾರ್ಕುಗಳಲ್ಲಿ ಬಯಲಿನಲ್ಲಿರುವ ಪ್ರವೇಶದ ಬೀದಿಗೆ ಇಲ್ಲಿ ಗಾಜಿನ ಚಾವಣಿ ಹೊದಿಸಿ ವರ್ಲ್ಡ್ ಬಜಾರ್ ಮಾಡಿದ್ದಾರೆ. ಜಪಾನಿನ ಮಳೆಗೆ ಅದು ಬೇಕೇ ಬೇಕು. ಮಳೆ ಬಂದ ದಿನ ಆ ಚಾವಣಿಯ ಕೆಳಗೆ ನಿಂತವರಿಗೆ ಅದರ ಬೆಲೆ ಗೊತ್ತು.

ಹಾಗೆಂದು ಇದು ಬರೀ ನಕಲಲ್ಲ. 2000ದಲ್ಲಿ ಬಂದ ಪೂಹ್‌ಸ್ ಹನಿ ಹಂಟ್ ಎಂಬ ರೈಡನ್ನೇ ನೋಡಬೇಕು. ಜನ ಕುಳಿತ ದೊಡ್ಡ ಜೇನಿನ ಮಡಕೆಗಳಿಗೆ ಹಳಿಯೇ ಇಲ್ಲ. ಕಂಪ್ಯೂಟರ್ ಹೇಳಿದಂತೆ ನೆಲದ ಮೇಲೆ ಒಂದನ್ನೊಂದು ತಪ್ಪಿಸಿಕೊಂಡು ಸುತ್ತುತ್ತವೆ, ನಿಲ್ಲುತ್ತವೆ, ಹಿಂದಕ್ಕೆ ಸರಿಯುತ್ತವೆ. ಪಕ್ಕದ ಮಡಕೆ ಎಡಕ್ಕೆ ಹೊರಳಿದರೆ ನಮ್ಮದು ಬಲಕ್ಕೆ. ಪೂಹ್ ಎಂಬ ಕರಡಿಯ ಕಥೆ ಗೊತ್ತಿಲ್ಲದ ಅಜ್ಜಿಯೂ ನಗುವಂಥದ್ದು. 2020ರಲ್ಲಿ ಸೇರಿದ ಬ್ಯೂಟಿ ಆ್ಯಂಡ್ ದ ಬೀಸ್ಟ್ ಕೂಡ ಇದೇ ವಿದ್ಯೆಯ ಮುಂದುವರಿಕೆ. ಇಲ್ಲಿ ಜನ ಕೂರುವುದು ತೇಲಾಡುವ ಕಪ್ಪುಗಳಲ್ಲಿ.

ಡಿಸ್ನಿಸೀ ಮಾತ್ರ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಒಳಗೆ ಕಾಲಿಟ್ಟರೆ ಕೋಟೆಯ ಬದಲು ನೀರು, ನೀರಿನಾಚೆ ಅಗ್ನಿಪರ್ವತ. ಪ್ರೊಮೀಥಿಯಸ್ ಎಂಬ ಆ ಕೃತಕ ಪರ್ವತವೂ ಸುಮಾರು 51 ಮೀಟರ್, ಸರಿಯಾಗಿ ಅಕ್ಕನ ಕೋಟೆಯಷ್ಟೇ. ಆಗಾಗ ಗುಡುಗಿ ಬೆಂಕಿ ಉಗುಳುತ್ತದೆ. ಪಾರ್ಕನ್ನು ಬಂದರುಗಳಾಗಿ ವಿಂಗಡಿಸಿದ್ದಾರೆ. ಮೆಡಿಟರೇನಿಯನ್ ಹಾರ್ಬರ್‌ನಲ್ಲಿ ಇಟಲಿಯ ಊರು, ಕಾಲುವೆ, ಗೊಂಡೊಲಾ ದೋಣಿ. ಅಮೆರಿಕನ್ ವಾಟರ್‌ಫ್ರಂಟ್‌ನಲ್ಲಿ ಇಪ್ಪತ್ತನೇ ಶತಮಾನದ ಆರಂಭದ ನ್ಯೂಯಾರ್ಕ್ ಮತ್ತು ಕೊಲಂಬಿಯಾ ಎಂಬ ಭಾರೀ ಹಡಗು. ಇನ್ನೂ ಮುಂದೆ ಹೋದರೆ ಮಧ್ಯ ಅಮೆರಿಕದ ಕಾಡು, ಇನ್ನೊಂದು ತಿರುವಿಗೆ ಅರಬ್ ನಗರ. ಗೋಡೆಯ ಬಿರುಕು, ಉದುರಿದ ಗಾರೆ, ತುಕ್ಕು ಹಿಡಿದ ಲಂಗರು ಎಲ್ಲವೂ ಬೇಕೆಂದೇ ಮಾಡಿದ್ದು, ಎಲ್ಲವನ್ನೂ ಹಾಗೆಯೇ ಕಾಪಾಡಿಕೊಂಡು ಬಂದದ್ದು. ಒಂದೂ ರೈಡ್ ಹತ್ತದೆ ಬರೀ ಅಡ್ಡಾಡಿ ಬಂದರೂ ಹಣ ದಂಡವಾಯಿತು ಅನಿಸದ ಪಾರ್ಕ್ ಇದು. ಅಕ್ಕನ ಬಗ್ಗೆ ಆ ಮಾತು ಹೇಳುವುದು ಕಷ್ಟ.

ಪರ್ವತದ ಹೊಟ್ಟೆಯೊಳಗೆ ಜೂಲ್ಸ್ ವರ್ನ್ ಕಾದಂಬರಿಗಳ ಲೋಕವಿದೆ. ಅಲ್ಲಿನ ಜರ್ನಿ ಟು ದ ಸೆಂಟರ್ ಆಫ್ ದ ಅರ್ಥ್ ಭೂಗರ್ಭದ ಹರಳು, ಅಣಬೆಗಳ ನಡುವೆ ನಿಧಾನವಾಗಿ ಸಾಗಿ ಕೊನೆಗೆ ಒಮ್ಮೆಲೇ ಪರ್ವತದ ಹೊರಮೈಗೆ ಚಿಮ್ಮಿಸಿ ಕೆಳಗೆ ಬೀಳಿಸುತ್ತದೆ. ಚಿಮ್ಮುವ ಆ ಕ್ಷಣದಲ್ಲಿ ಇಡೀ ಬಂದರು ಕಣ್ಣಿಗೆ ಬೀಳುತ್ತದೆ, ನೋಡಿ ಮುಗಿಸಲು ಪುರುಸೊತ್ತಿಲ್ಲ. 2006ರ ಟವರ್ ಆಫ್ ಟೆರರ್‌ಗೆ ಅಮೆರಿಕದ ಕಥೆ ಬಿಟ್ಟು ಬೇರೆಯದನ್ನೇ ಹೆಣೆದಿದ್ದಾರೆ: ಪರದೇಶಗಳಿಂದ ವಿಗ್ರಹ, ಕಲಾವಸ್ತುಗಳನ್ನು ದೋಚಿ ತಂದ ಶ್ರೀಮಂತನೊಬ್ಬ ಶಾಪಗ್ರಸ್ತ ಮೂರ್ತಿಯ ಕೋಪಕ್ಕೆ ಸಿಕ್ಕಿ ತನ್ನದೇ ಹೋಟೆಲಿನ ಲಿಫ್ಟಿನಲ್ಲಿ ಮಾಯವಾಗುತ್ತಾನೆ. ವಿಗ್ರಹ ಕಳ್ಳತನದ ಕಥೆ ಕೇಳಿ ಬೆಳೆದ ನಾಡಿನವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. 2019ರಲ್ಲಿ ಬಂದ ಸೋರಿಂಗ್‌ನಲ್ಲಿ ಕುರ್ಚಿಗಳು ಗಾಳಿಗೇರಿ, ದೊಡ್ಡ ಪರದೆಯೆದುರು ಜಗತ್ತಿನ ಮೇಲೆ ಹಾರಿಸುತ್ತವೆ. ಅತಿ ಉದ್ದದ ಕ್ಯೂಗಳಲ್ಲಿ ಇದರದೂ ಒಂದು.

2024ರ ಜೂನ್ 6ರಂದು ಡಿಸ್ನಿಸೀಗೆ ಎಂಟನೆಯ ಬಂದರು ಸೇರಿತು. ಫ್ಯಾಂಟಸಿ ಸ್ಪ್ರಿಂಗ್ಸ್ ಎಂಬ ಈ ಭಾಗದಲ್ಲಿ ಫ್ರೋಜನ್, ರಪುಂಜೆಲ್, ಪೀಟರ್ ಪ್ಯಾನ್ ಕಥೆಗಳ ಲೋಕಗಳಿವೆ. ಖರ್ಚು ಸುಮಾರು 32 ಸಾವಿರ ಕೋಟಿ ಯೆನ್. 1983ರಲ್ಲಿ ಇಡೀ ಡಿಸ್ನಿಲ್ಯಾಂಡ್ ಕಟ್ಟಲು ಆದದ್ದು ಸುಮಾರು 18 ಸಾವಿರ ಕೋಟಿ. ಬೆಲೆಯೇರಿಕೆಯನ್ನು ಕಳೆದು ನೋಡಿದರೂ, ಕಂಪನಿ ಯಾವ ಮಗಳಿಗೆ ಒಡವೆ ಮಾಡಿಸುತ್ತಿದೆ ಎಂಬುದು ತಿಳಿಯುತ್ತದೆ. ರಪುಂಜೆಲ್ ದೋಣಿಯ ಸವಾರಿ ಚಿಕ್ಕದು. ಆದರೆ ಕೊನೆಯಲ್ಲಿ ಕತ್ತಲ ನೀರಿನ ಮೇಲೆ ನೂರಾರು ಆಕಾಶದೀಪ ಹೊತ್ತಿಕೊಂಡಾಗ ದೋಣಿಯಲ್ಲಿದ್ದವರು ಮಾತು ನಿಲ್ಲಿಸುತ್ತಾರೆ.

ಮಕ್ಕಳ ವಿಷಯಕ್ಕೆ ಬಂದರೆ ತಕ್ಕಡಿ ಅಕ್ಕನ ಕಡೆಗೆ ವಾಲುತ್ತದೆ. ಡಿಸ್ನಿಸೀಯ ಹಲವು ಹೆಸರುವಾಸಿ ರೈಡುಗಳಿಗೆ ಎತ್ತರದ ಮಿತಿಯಿದೆ: ಇಂಡಿಯಾನಾ ಜೋನ್ಸ್, ರೇಜಿಂಗ್ ಸ್ಪಿರಿಟ್ಸ್, ಭೂಗರ್ಭದ ಪಯಣಗಳಿಗೆ 117 ಸೆಂಟಿಮೀಟರ್, ಟವರ್ ಆಫ್ ಟೆರರ್, ಸೋರಿಂಗ್‌ಗೆ 102. ಒಂದನೇ ಕ್ಲಾಸಿನ ಎಷ್ಟೋ ಮಕ್ಕಳು 117 ಮುಟ್ಟುವುದಿಲ್ಲ. ಅಳತೆಗೋಲಿನ ಮುಂದೆ ನಿಂತ ಮಗು ತುದಿಗಾಲಲ್ಲಿ ನಿಲ್ಲಲು ನೋಡುವುದು, ಸಿಬ್ಬಂದಿ ನಗುತ್ತಲೇ ಹಿಮ್ಮಡಿ ಊರಿಸುವುದು ಅಲ್ಲಿ ದಿನನಿತ್ಯದ ನೋಟ. ಪುಟ್ಟ ಮಕ್ಕಳಿಗೆ ಡಿಸ್ನಿಸೀಯಲ್ಲಿ ಏನೂ ಇಲ್ಲವೆಂದಲ್ಲ. ಮರ್ಮೇಡ್ ಲಗೂನ್‌ನ ಹೆಚ್ಚಿನ ಆಟಗಳು ಸೂರಿನಡಿ ಇವೆ, ಮಳೆಗೂ ಚಳಿಗೂ ಒಳ್ಳೆಯ ಆಸರೆ. ಅರೇಬಿಯನ್ ಕೋಸ್ಟ್‌ನ ಸಿಂದಬಾದನ ದೋಣಿಗೆ ಕ್ಯೂ ಕಡಿಮೆ, ಸಂಗೀತ ಸೊಗಸು. ಹಾಗಿದ್ದರೂ ಐದಾರು ವರ್ಷದೊಳಗಿನ ಮಕ್ಕಳನ್ನು ಕಟ್ಟಿಕೊಂಡು ಒಂದೇ ದಿನಕ್ಕೆ ಹೋಗುವವರಿಗೆ ಡಿಸ್ನಿಲ್ಯಾಂಡೇ ಸರಿ. ದೊಡ್ಡವರೇ ಹೋಗುವುದಾದರೆ, ಅಥವಾ ಅಮೆರಿಕದಲ್ಲೋ ಪ್ಯಾರಿಸ್‌ನಲ್ಲೋ ಡಿಸ್ನಿ ಪಾರ್ಕ್ ಆಗಲೇ ನೋಡಿದ್ದರೆ, ಡಿಸ್ನಿಸೀ ಬಿಟ್ಟು ಇನ್ನೊಂದರ ಯೋಚನೆ ಬೇಡ. ಎರಡು ದಿನ ಇದ್ದವರು ಮೊದಲು ಅಕ್ಕನನ್ನು, ಆಮೇಲೆ ತಂಗಿಯನ್ನು ನೋಡುವುದು ಮೇಲು. ಮೊದಲೇ ಡಿಸ್ನಿಸೀ ಕಂಡ ಕಣ್ಣಿಗೆ ಮರುದಿನ ಡಿಸ್ನಿಲ್ಯಾಂಡ್ ತುಸು ಸಪ್ಪೆ.

ಟಿಕೆಟ್ ತಾರೀಕಿನ ಮೇಲೆ. ದೊಡ್ಡವರಿಗೆ 7,900ರಿಂದ 10,900 ಯೆನ್ ತನಕ ದಿನಕ್ಕೊಂದು ದರ, ಮೂರು ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳಿಗೆ ಉಚಿತ. ಎರಡು ತಿಂಗಳು ಮೊದಲು, ಜಪಾನಿನ ಮಧ್ಯಾಹ್ನ 2 ಗಂಟೆಗೆ ಮಾರಾಟ ಶುರುವಾಗುತ್ತದೆ. ಭಾರತದಲ್ಲಿ ಆಗ ಬೆಳಿಗ್ಗೆ 10.30. ದರ ಕಡಿಮೆಯಿರುವ ದಿನವೇ ಜನ ಕಡಿಮೆಯಿರುವ ದಿನ ಎಂದು ಧಾರಾಳವಾಗಿ ಊಹಿಸಬಹುದು, ಏಕೆಂದರೆ ಕಂಪನಿಯೂ ಅದೇ ಲೆಕ್ಕ ಹಾಕಿ ದರ ಇಟ್ಟಿರುತ್ತದೆ. ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದವರೆಗಿನ ಗೋಲ್ಡನ್ ವೀಕ್ ರಜೆಯಲ್ಲಿ ಆ ಕಡೆ ತಲೆ ಹಾಕದಿರುವುದು ಲೇಸು. ದುರದೃಷ್ಟಕ್ಕೆ ನಮ್ಮ ಶಾಲೆಗಳ ಬೇಸಿಗೆ ರಜೆಯೂ ಅದೇ ಸಮಯಕ್ಕೆ. ಜೂನ್–ಜುಲೈ ಜಪಾನಿನ ಮಳೆಗಾಲ, ಆಗಸ್ಟ್‌ನಲ್ಲಿ ಬೆವರು ಕಿತ್ತು ಬರುವ ಸೆಕೆ, ಸೆಪ್ಟೆಂಬರ್‌ನಲ್ಲಿ ಚಂಡಮಾರುತಗಳ ಕಾಟ. ದಸರಾ ರಜೆಯ ಹೊತ್ತಿನ ಅಕ್ಟೋಬರ್‌ನಲ್ಲಿ ಹವೆ ಹಿತವಾಗಿರುತ್ತದೆ. ಹ್ಯಾಲೋವೀನ್ ಜಾತ್ರೆಯ ಗದ್ದಲ ಇದ್ದೇ ಇರುತ್ತದಾದರೂ ವಾರದ ದಿನ ಆರಿಸಿಕೊಂಡರೆ ಸಹಿಸಬಹುದು. ಜನವರಿ, ಫೆಬ್ರುವರಿಯಲ್ಲಿ ಕಡಲ ಗಾಳಿ ಬೆಂಗಳೂರಿನ ಸ್ವೆಟರಿಗೆ ಬಗ್ಗುವಂಥದ್ದಲ್ಲ.

ಟೋಕಿಯೊ ನಿಲ್ದಾಣದಿಂದ ಜೆಆರ್ ಕೆಯೊ ಮಾರ್ಗದಲ್ಲಿ ಮೈಹಾಮಾಕ್ಕೆ ಹದಿನೈದು ನಿಮಿಷ ಚಿಲ್ಲರೆ. ಆದರೆ ಕೆಯೊ ರೈಲಿನ ಪ್ಲಾಟ್‌ಫಾರ್ಮ್ ನೆಲದಡಿಯಲ್ಲಿ ದೂರ ಮೂಲೆಗಿದೆ. ನಿಲ್ದಾಣದೊಳಗಿನ ನಡಿಗೆಗೇ ಹತ್ತು ನಿಮಿಷಕ್ಕೂ ಹೆಚ್ಚು ಬೇಕು, ರೈಲಿನ ಪ್ರಯಾಣ ಅದಕ್ಕಿಂತ ತುಸುವೇ ಉದ್ದ. ಮೈಹಾಮಾದಲ್ಲಿ ಇಳಿದರೆ ಡಿಸ್ನಿಲ್ಯಾಂಡ್ ನಡಿಗೆಯ ದೂರ. ಡಿಸ್ನಿಸೀಗೆ ಮಾನೊರೈಲು ಹಿಡಿಯುವುದು ವಾಡಿಕೆ. ಒಟ್ಟು ನಾಲ್ಕು ನಿಲ್ದಾಣ, ಒಂದೇ ದಿಕ್ಕಿನಲ್ಲಿ ಸುತ್ತುವ ಹಳಿ, ಮಿಕ್ಕಿಯ ಮುಖದ ಆಕಾರದ ಕಿಟಕಿಗಳು. ಪ್ರವೇಶದ ಟಿಕೆಟಿನಲ್ಲಿ ಇದರ ದರ ಸೇರಿಲ್ಲ. ಸಮಯ 9 ಗಂಟೆ ಎಂದು ಬರೆದಿದ್ದರೂ ಗೇಟು ಬೇಗ ತೆರೆಯುವುದುಂಟು, 8ಕ್ಕೆಲ್ಲ ಸಾಲು ಬೆಳೆದಿರುತ್ತದೆ. ಡಿಸ್ನಿ ಹೋಟೆಲುಗಳಲ್ಲಿ ತಂಗಿದವರಿಗೆ ಹದಿನೈದು ನಿಮಿಷ ಮೊದಲೇ ಒಳಗೆ ಬಿಡುತ್ತಾರೆ.

ಒಳಗೆ ಹೋದ ಮೇಲೆ ದಿನವನ್ನು ನಡೆಸುವುದು ಕಾಲಿಗಿಂತ ಹೆಚ್ಚಾಗಿ ಕೈಯಲ್ಲಿರುವ ಫೋನು. ಅಧಿಕೃತ ಆ್ಯಪ್‌ನಲ್ಲಿ ಯಾವ ರೈಡಿಗೆ ಎಷ್ಟು ನಿಮಿಷ ಕಾಯಬೇಕೆಂಬುದು ಕಾಣುತ್ತದೆ. ಹಣ ಕೊಟ್ಟು ಬೇಗ ಹೋಗುವ ಪ್ರೀಮಿಯರ್ ಆಕ್ಸೆಸ್ ಸಿಗುವುದೂ ಅದರಲ್ಲೇ. ಒಬ್ಬರಿಗೆ ಒಂದು ರೈಡಿಗೆ 1,500 ಯೆನ್‌ನಿಂದ ಶುರು. ನಾಲ್ಕು ಜನರ ಕುಟುಂಬಕ್ಕೆ ಇದು ಕೈ ಸುಡುವ ಬಾಬತ್ತು. ಆದರೂ ಹೊಸ ಬಂದರಿನ ಒಂದು ರೈಡಿಗಾದರೂ ಕೊಳ್ಳುವುದು ಬುದ್ಧಿವಂತಿಕೆ. ಎರಡು ಗಂಟೆ ಸಾಲಿನಲ್ಲಿ ನಿಲ್ಲುವ ಬದಲು ಆ ಹೊತ್ತಿನಲ್ಲಿ ಮೂರು ಚಿಕ್ಕ ರೈಡ್ ಮುಗಿಸಬಹುದು. ಟಿಕೆಟ್ ಸ್ಕ್ಯಾನ್ ಆದ ಕೂಡಲೇ ಫೋನ್ ತೆಗೆಯಬೇಕು. ಜಪಾನಿಯರೆಲ್ಲ ಅದನ್ನೇ ಮಾಡುತ್ತಿರುತ್ತಾರೆ.

ಮೆರವಣಿಗೆ ನೋಡುವುದಕ್ಕೂ ಒಂದು ರೀತಿಯಿದೆ. ತೇರು ಬರುವ ಬೀದಿಯಲ್ಲಿ ಮೊದಲೇ ಟವೆಲ್ ಹಾಸಿ ಜಾಗ ಹಿಡಿಯುವುದು ನಮ್ಮ ಜಾತ್ರೆಗಳಲ್ಲಿ ಇರುವಂತೆ, ಇಲ್ಲಿ ತೆಳುವಾದ ಪ್ಲಾಸ್ಟಿಕ್ ಚಾಪೆ ಹಾಸುತ್ತಾರೆ. ಚಪ್ಪಲಿ ಬಿಚ್ಚಿಟ್ಟು ಕೂರುವವರೂ ಇದ್ದಾರೆ. ಮುಂದಿನ ಸಾಲಿನವರು ಎದ್ದು ನಿಲ್ಲುವುದಿಲ್ಲ. ಮೆರವಣಿಗೆ ಮುಗಿದ ನಿಮಿಷಗಳಲ್ಲಿ ಬೀದಿ ಖಾಲಿ, ಒಂದು ಕಾಗದದ ಚೂರೂ ಇರುವುದಿಲ್ಲ. ಕಸ ಗುಡಿಸುವವರು ಬಿಡುವಾದಾಗ ಪೊರಕೆಯನ್ನು ನೀರಿಗದ್ದಿ ನೆಲದ ಮೇಲೆ ಮಿಕ್ಕಿಯ ಚಿತ್ರ ಬರೆಯುತ್ತಾರೆ. ಬಿಸಿಲಿಗೆ ಅದು ಆರಿಹೋಗುವ ತನಕ ಮಕ್ಕಳು ಸುತ್ತ ಕುಕ್ಕರಗಾಲಲ್ಲಿ ಕುಳಿತಿರುತ್ತಾರೆ.

ಊಟವೇ ಕಷ್ಟದ ಮಾತು. ಹೊರಗಿನಿಂದ ಬುತ್ತಿ ತರುವಂತಿಲ್ಲ, ಗೇಟಿನ ಹೊರಗಿನ ಪಿಕ್‌ನಿಕ್ ಜಾಗದಲ್ಲಿ ಮಾತ್ರ ಬಿಚ್ಚಬಹುದು. ಸಸ್ಯಾಹಾರಿಗಳು ಜಪಾನಿನಲ್ಲಿ ಎಲ್ಲೆಡೆ ಎದುರಿಸುವ ತೊಡಕು ಇಲ್ಲೂ ಇದೆ. ಬರೀ ತರಕಾರಿಯಂತೆ ಕಂಡ ಸಾರಿನಲ್ಲಿ ಮೀನಿನ ರಸ ಇರಬಹುದು. ಡಿಸ್ನಿಸೀಯ ಕಸ್ಬಾ ಫುಡ್ ಕೋರ್ಟ್‌ನಲ್ಲಿ ಕರಿ ಸಿಗುತ್ತದೆ ಎಂದು ಹಿಗ್ಗಿ ಹೋದರೆ ಅದರಲ್ಲಿ ಮಾಂಸ ಇರುವುದೇ ಹೆಚ್ಚು, ಕೇಳಿಯೇ ಕೊಳ್ಳಬೇಕು. ಬಗೆಬಗೆಯ ರುಚಿಯ ಪಾಪ್‌ಕಾರ್ನ್ ಇಲ್ಲಿನ ಗೀಳು. ಬೊಂಬೆಯಾಕಾರದ ಡಬ್ಬಿ ಕೊರಳಿಗೆ ನೇತುಹಾಕಿಕೊಂಡು ಮತ್ತೆ ಮತ್ತೆ ತುಂಬಿಸಿಕೊಳ್ಳುತ್ತಾರೆ. ರಾತ್ರಿ ಹೊಟ್ಟೆ ತುಂಬ ನಮ್ಮ ಊಟವೇ ಬೇಕೆಂದವರಿಗೆ ದಾರಿಯಿದೆ: ತೋಜೈ ಮಾರ್ಗದ ಉರಾಯಾಸು ನಿಲ್ದಾಣದಿಂದ ಎರಡು ನಿಲ್ದಾಣ ಆಚೆಗಿನ ನಿಶಿ–ಕಸಾಯಿ. ಭಾರತದ ಸಾಫ್ಟ್‌ವೇರ್ ಎಂಜಿನಿಯರುಗಳು ಕುಟುಂಬ ಸಮೇತ ನೆಲೆಸಿರುವ ಬಡಾವಣೆ ಅದು, ಸುತ್ತಮುತ್ತ ಭಾರತೀಯ ಹೋಟೆಲುಗಳಿವೆ.

ಭೂಕಂಪದ ನಾಡಿನಲ್ಲಿ, ಅದೂ ಕಡಲಿಗೆ ಮಣ್ಣು ತುಂಬಿ ಮಾಡಿದ ನೆಲದಲ್ಲಿ ಇಷ್ಟು ಜನ ಸೇರುವುದು ಸುರಕ್ಷಿತವೇ ಎಂದು ಕೇಳುವವರಿಗೆ 2011ರ ಮಾರ್ಚ್ 11ರ ಭಾರೀ ಭೂಕಂಪ ಉತ್ತರ ಕೊಟ್ಟಿದೆ. ಅಂದು ಉರಾಯಾಸುವಿನ ಹಲವೆಡೆ ನೆಲ ಕೆಸರಾಗಿ ಕುಸಿಯಿತು. ಪಾರ್ಕುಗಳ ಅಡಿಯಲ್ಲಿ ಕಟ್ಟುವಾಗಲೇ ಮರಳಿನ ಕಂಬಗಳನ್ನು ಒತ್ತಿ ನೆಲ ಬಿಗಿ ಮಾಡಿದ್ದರಿಂದ ಮುಖ್ಯ ಹಾನಿಯಾದದ್ದು ಪಾರ್ಕಿಂಗ್ ಜಾಗಕ್ಕೆ. ಆ ಹೊತ್ತಿನಲ್ಲಿ ಎರಡೂ ಕಡೆ ಸೇರಿ ಸುಮಾರು 70 ಸಾವಿರ ಜನರಿದ್ದರು. ಸಿಬ್ಬಂದಿ ಅಂಗಡಿಗಳಲ್ಲಿದ್ದ ಬೊಂಬೆಗಳನ್ನು ತಂದು, ತಲೆಯ ಮೇಲೆ ಹಿಡಿದುಕೊಳ್ಳಿ ಎಂದು ಜನರ ಕೈಗೆ ಕೊಟ್ಟರು. ಡಿಸ್ನಿಲ್ಯಾಂಡ್ ಏಪ್ರಿಲ್ 15ಕ್ಕೆ, ಡಿಸ್ನಿಸೀ ಏಪ್ರಿಲ್ 28ಕ್ಕೆ ಮತ್ತೆ ತೆರೆದವು.

ಕೊನೆಯದಾಗಿ ಒಂದು ಎಚ್ಚರಿಕೆ. ಇಲ್ಲಿ ರೈಡುಗಳನ್ನು ದುರಸ್ತಿಗೆಂದು ವಾರಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಮುಚ್ಚುತ್ತಾರೆ. ಡಿಸ್ನಿಲ್ಯಾಂಡಿನ ಸ್ಪೇಸ್ ಮೌಂಟನ್ 2024ರ ಜುಲೈ 31ಕ್ಕೆ ಕೊನೆಯ ಓಟ ಓಡಿತು, ಅದರ ಹೊಸ ರೂಪ 2027ಕ್ಕೆ ಎಂದು ಕಂಪನಿ ಹೇಳಿದೆ. ಮುಚ್ಚುವ ದಿನಾಂಕಗಳ ಪಟ್ಟಿ ಅಧಿಕೃತ ಜಾಲತಾಣದಲ್ಲಿ ತಿಂಗಳುಗಳ ಮೊದಲೇ ಸಿಗುತ್ತದೆ. ವಿಮಾನದ ಟಿಕೆಟ್ ಕೊಳ್ಳುವ ಮುನ್ನ ಅದನ್ನೊಮ್ಮೆ ನೋಡಿಕೊಳ್ಳಿ.