‘ಟ್ವೀಕ್’ ಎಂದರೆ ಎಷ್ಟು?

ಕಿವಿ ಹಿಂಡುವುದೆಂದರೆ ಏನು ಎಂಬುದನ್ನು ಹಳೆಯ ಕಾಲದ ಶಾಲೆಯಲ್ಲಿ ಓದಿದವರಿಗೆ ವಿವರಿಸಬೇಕಿಲ್ಲ. ಹೆಬ್ಬೆರಳು, ತೋರುಬೆರಳಿನ ನಡುವೆ ಕಿವಿ ಹಿಡಿದು ಮೇಷ್ಟರು ಕೊಡುತ್ತಿದ್ದ ಆ ಸಣ್ಣ ತಿರುವಿಗೆ ಹುಡುಗ ನೆಟ್ಟಗಾಗುತ್ತಿದ್ದ. ಕಿವಿ ಮಾತ್ರ ಇದ್ದಲ್ಲೇ ಇರುತ್ತಿತ್ತು. ಇಂಗ್ಲಿಷಿನ ‘ಟ್ವೀಕ್’ ಎಂಬ ಪದ ಹುಟ್ಟಿದ್ದು ಇಂಥದೇ ಒಂದು ತಿರುಚುವಿಕೆಯಿಂದ. ಈಗ ಅದು ಕಿವಿ, ಮೂಗುಗಳನ್ನು ಬಿಟ್ಟು ನಿಯಮ, ತೆರಿಗೆ, ವೇಳಾಪಟ್ಟಿ, ಪಠ್ಯಕ್ರಮ, ಕಂಪ್ಯೂಟರ್ ತಂತ್ರಾಂಶ ಎಲ್ಲಕ್ಕೂ ಕೈ ಚಾಚಿದೆ. ಕಚೇರಿಯ ಪತ್ರದಲ್ಲಿ, ಪತ್ರಿಕೆಯ ತಲೆಬರಹದಲ್ಲಿ ದಿನವೂ ಕಾಣಸಿಗುತ್ತದೆ. ಅಷ್ಟೇ ಸಲೀಸಾಗಿ ತಪ್ಪಾಗಿಯೂ ಬಳಕೆಯಾಗುತ್ತದೆ.

ಹಳೆಯ ಇಂಗ್ಲಿಷಿನಲ್ಲಿ ‘ಟ್ವಿಕ್ಕಿಯನ್’ ಎಂದರೆ ಕೀಳು, ಹಿಡಿದು ಎಳೆ. ಇದರಿಂದಲೇ ಬಂದಿರಬಹುದಾದ ‘ಟ್ವೀಕ್’ 1600ರ ಸುಮಾರಿಗೆ ಬರವಣಿಗೆಯಲ್ಲಿ ಕಾಣಿಸಿಕೊಂಡಿತು. ಷೇಕ್ಸ್‌ಪಿಯರನ ‘ಹ್ಯಾಮ್ಲೆಟ್’ ನಾಟಕದಲ್ಲಿ ರಾಜಕುಮಾರ ತನ್ನ ಹೇಡಿತನವನ್ನು ತಾನೇ ಹಳಿದುಕೊಳ್ಳುತ್ತ, ತನ್ನ ಮೂಗು ಹಿಡಿದು ತಿರುಚುವವರು ಯಾರು ಎಂದು ಕೇಳುವಲ್ಲಿ ಈ ಪದ ಬರುತ್ತದೆ. ಅಲ್ಲಿ ಅದು ಅವಮಾನದ ಮಾತು. ಯಂತ್ರವನ್ನು ಸೂಕ್ಷ್ಮವಾಗಿ ಹೊಂದಿಸುವುದು ಎಂಬ ಅರ್ಥ ಕೂಡಿಕೊಂಡಿದ್ದು ಬಹಳ ತಡವಾಗಿ, 1960ರ ದಶಕದಲ್ಲಿ. ಸ್ಕೂಟರ್ ಮೆಕ್ಯಾನಿಕ್ ಕಾರ್ಬುರೇಟರಿನ ಸ್ಕ್ರೂ ಅನ್ನು ಕಾಲು ಸುತ್ತು ತಿರುಗಿಸಿ, ಎಂಜಿನ್ನಿನ ಸದ್ದಿಗೆ ಕಿವಿಗೊಟ್ಟು, ಮತ್ತೆ ಒಂದಿಷ್ಟು ಹಿಂದಕ್ಕೆ ತರುತ್ತಾನಲ್ಲ, ಅದು ಟ್ವೀಕ್. ಎಂಜಿನ್ ಬಿಚ್ಚಿ ಪಿಸ್ಟನ್ ಬದಲಿಸಿದರೆ ಅದು ಟ್ವೀಕ್ ಅಲ್ಲ, ರಿಪೇರಿ.

ಇನ್ನೂ ಒಳ್ಳೆಯ ಉದಾಹರಣೆ ತಂಬೂರಿಯದು. ಬಿರಡೆ ತಿರುವಿ ತಂತಿಯನ್ನು ಶ್ರುತಿಯ ಸಮೀಪಕ್ಕೆ ತಂದಮೇಲೆ ಕುದುರೆಯ ಆಚೆ ಇರುವ ಪುಟ್ಟ ಮಣಿಯನ್ನು ಕೂದಲೆಳೆಯಷ್ಟು ಸರಿಸುತ್ತಾರೆ. ಬಿರಡೆಯ ಕೆಲಸ ಮುಗಿದ ನಂತರ ಮಣಿಯ ಕೆಲಸ. ಟ್ವೀಕ್ ಎಂಬ ಪದ ಹೊರಬಲ್ಲ ಭಾರ ಈ ಮಣಿಯಷ್ಟು ಮಾತ್ರ. ಮುಖ್ಯವಾದದ್ದು ಆಗಲೇ ಸರಿಯಾಗಿದೆ, ಉಳಿದಿರುವುದು ತುಸು ಮಾತ್ರ ಎಂಬ ಭರವಸೆ ಅದರೊಳಗೇ ಇದೆ.

ಅರ್ಥಕ್ಕಿಂತ ಮೊದಲು ಎಡವಿಸುವುದು ಕಾಗುಣಿತ. ಕನ್ನಡದಲ್ಲಿ ‘ವೀ’ ಎಂದು ಬರೆದರೆ ಮುಗಿಯಿತು. ಇಂಗ್ಲಿಷಿನಲ್ಲಿ ಇದೇ ದೀರ್ಘ ‘ಈ’ ಸ್ವರಕ್ಕೆ ‘ಇ-ಇ’ ಬರೆಯುವುದೂ ಉಂಟು, ‘ಇ-ಎ’ ಬರೆಯುವುದೂ ಉಂಟು. ‘ವೀಕ್’ ಪದಕ್ಕೆ ಎರಡು ಇ ಹಾಕಿದರೆ ವಾರ, ಇ-ಎ ಹಾಕಿದರೆ ದುರ್ಬಲ. ‘ಪೀಕ್’ ಒಂದು ರೀತಿಯಲ್ಲಿ ಶಿಖರ, ಇನ್ನೊಂದು ರೀತಿಯಲ್ಲಿ ಇಣುಕುನೋಟ. ಇದು ಸುಮ್ಮನೆ ಕಾಟ ಕೊಡಲು ಮಾಡಿದ್ದಲ್ಲ. ಈ ಎರಡು ಬರಹಗಳ ಹಿಂದೆ ಒಂದು ಕಾಲದಲ್ಲಿ ಎರಡು ಬೇರೆ ಉಚ್ಚಾರಗಳಿದ್ದವು. ‘ಇ-ಎ’ಯದು ಬಾಯಿ ಹೆಚ್ಚು ತೆರೆದು ನುಡಿಯುವ ಸ್ವರ. 18ನೇ ಶತಮಾನದ ಹೊತ್ತಿಗೆ ಉಚ್ಚಾರಗಳು ಬಹುಪಾಲು ಒಂದಾದವು, ಬರವಣಿಗೆ ಒಂದಾಗಲಿಲ್ಲ.

‘ಟ್ವೀಕ್’ ಪದಕ್ಕೆ ಇರುವುದು ಇ-ಎ. ಎರಡು ಇ ಹಾಕಿದರೆ ಬೇರೆ ಪದವೇನೂ ಆಗುವುದಿಲ್ಲ, ತಪ್ಪಾಗುತ್ತದೆ ಅಷ್ಟೆ. ನೆನಪಿಡುವುದಕ್ಕೆ ಸುಲಭದ ದಾರಿ ‘ಟೀಕ್’ ಮರ: ಅದರ ‘ಟಿ’ ಅಕ್ಷರದ ಮುಂದೆ ಒಂದು ‘ಡಬ್ಲ್ಯು’ ಸೇರಿಸಿದರೆ ‘ಟ್ವೀಕ್’ ಸಿದ್ಧ. (ಆ ‘ಟೀಕ್’ ಮಲಯಾಳದ ‘ತೇಕ್ಕ್’ನಿಂದ, ಪೋರ್ಚುಗೀಸರ ಬಾಯಿಯ ಮೂಲಕ ಇಂಗ್ಲಿಷಿಗೆ ಹೋದದ್ದು, ನಮ್ಮ ತೇಗದ ನೆಂಟ.)

ಕಾಗುಣಿತದ ಮಾತು ಬಂದಾಗ ನಮ್ಮ ಊರುಗಳೇ ನೆನಪಾಗುತ್ತವೆ. 2014ರ ನವೆಂಬರ್ 1ರಂದು ಕರ್ನಾಟಕದ 12 ನಗರಗಳ ಇಂಗ್ಲಿಷ್ ಹೆಸರುಗಳು ಬದಲಾದವು. ‘ಮೈಸೋರ್’ ಎಂಬ ಬರಹದಲ್ಲಿ ಒಂದು ‘ಒ’, ಕೊನೆಯ ಒಂದು ‘ಇ’ ಹೋಗಿ ಎರಡೂ ಕಡೆ ‘ಯು’ ಬಂತು. ಆರು ಅಕ್ಷರ ಆರಾಗಿಯೇ ಉಳಿಯಿತು, ಕನ್ನಡದ ಮೈಸೂರು ಇದ್ದ ಹಾಗೆಯೇ ಇತ್ತು. ಇದನ್ನು ಟ್ವೀಕ್ ಎಂದರೆ ಒಪ್ಪಬಹುದು. ಅದೇ ದಿನ ‘ಗುಲ್ಬರ್ಗಾ’ ಕಲಬುರಗಿಯಾಯಿತು, ‘ಬಿಜಾಪುರ್’ ವಿಜಯಪುರವಾಯಿತು. ಅಲ್ಲಿಗೆ ಆ ಪದ ಸಾಲದು. ಇನ್ನು 1973ರ ನವೆಂಬರ್ 1ರಂದು ಮೈಸೂರು ರಾಜ್ಯ ಕರ್ನಾಟಕವಾದದ್ದನ್ನು ಟ್ವೀಕ್ ಎಂದು ಯಾರಾದರೂ ಬರೆದರೆ ಅವರ ಕಿವಿ ಹಿಂಡಬೇಕಾದೀತು.

ಹೆಸರಿನ ವಿಷಯದಲ್ಲಿ ಇದು ತಮಾಷೆಯಾಗಿ ಕಂಡರೂ ದುಡ್ಡಿನ ವಿಷಯದಲ್ಲಿ ಹಾಗಲ್ಲ. 2016ರ ನವೆಂಬರ್ 8ರ ರಾತ್ರಿ 500 ಮತ್ತು 1000 ರೂಪಾಯಿಯ ಹಳೆಯ ನೋಟುಗಳು ರದ್ದಾದವು. ಬ್ಯಾಂಕ್ ಕೌಂಟರಿನಲ್ಲಿ ಅವುಗಳನ್ನು ಬದಲಿಸಿಕೊಳ್ಳುವ ಮಿತಿ ಮೊದಲು 4000 ರೂಪಾಯಿ ಇತ್ತು. ಕೆಲವೇ ದಿನಗಳಲ್ಲಿ 4500 ಆಯಿತು. ನವೆಂಬರ್ 18ರಿಂದ 2000ಕ್ಕೆ ಇಳಿಯಿತು. 24ರ ಮಧ್ಯರಾತ್ರಿಯ ನಂತರ ಬ್ಯಾಂಕ್ ಕೌಂಟರುಗಳಲ್ಲಿ ಆ ಸೌಲಭ್ಯವೇ ನಿಂತಿತು. ಈ ಮೂರೂ ‘ನಿಯಮ ಬದಲಾವಣೆ’ಗಳೇ. ಮೊದಲನೆಯದು ಟ್ವೀಕ್. ಎರಡನೆಯದರಲ್ಲಿ ಮಿತಿ ಅರ್ಧಕ್ಕಿಂತ ಕೆಳಗೆ ಬಿತ್ತು. ಮೂರನೆಯದರಲ್ಲಿ ಬಾಗಿಲೇ ಮುಚ್ಚಿತು. ಮೂರನ್ನೂ ಅದೇ ಸಣ್ಣ ಪದದಲ್ಲಿ ಕಟ್ಟಿ ಕೊಟ್ಟರೆ, ಕೈಯಲ್ಲಿ ಹಳೆಯ ನೋಟು ಹಿಡಿದು ಸಾಲಿನಲ್ಲಿ ನಿಂತವರಿಗೆ ತಿಳಿಯಬೇಕಾದ ಸಂಗತಿಯೇ ಮುಚ್ಚಿಹೋಗುತ್ತದೆ. ಐದೇ ಅಕ್ಷರದ ಪದವಾದ್ದರಿಂದ ತಲೆಬರಹಕ್ಕೆ ಇದು ಅನುಕೂಲ, ನಿಜ. ಬದಲಾವಣೆ ತಂದವರಿಗೂ ಅನುಕೂಲವೇ. ಹೆಚ್ಚಳವೋ ಕಡಿತವೋ ರದ್ದತಿಯೋ ಎಂದು ಬಿಡಿಸಿ ಹೇಳದೆ, ಏನೋ ಸ್ವಲ್ಪ ಸರಿಮಾಡಲಾಗಿದೆ ಎಂಬ ಭಾವನೆ ಮೂಡಿಸಿಬಿಡುತ್ತದೆ.

ವಾಕ್ಯದಲ್ಲಿ ಬಳಸುವಾಗಲೂ ಒಂದೆರಡು ತೊಡಕುಗಳಿವೆ. ಕನ್ನಡದಲ್ಲಿ ‘ನಿಯಮದಲ್ಲಿ ಬದಲಾವಣೆ ಮಾಡಿದರು’ ಎನ್ನುತ್ತೇವೆ. ಆ ‘ಅಲ್ಲಿ’ಯನ್ನು ಹಿಡಿದುಕೊಂಡು ಇಂಗ್ಲಿಷಿನಲ್ಲೂ ‘ದೇ ಟ್ವೀಕ್ಡ್ ಇನ್ ದಿ ರೂಲ್ಸ್’ ಎಂದು ಬರೆಯುವವರಿದ್ದಾರೆ. ಕ್ರಿಯಾಪದವಾದಾಗ ನಡುವೆ ಏನೂ ಬೇಡ. ‘ದೇ ಟ್ವೀಕ್ಡ್ ದಿ ರೂಲ್ಸ್’ ಸಾಕು. ನಾಮಪದವಾದಾಗ ‘ಎ ಟ್ವೀಕ್ ಟು ದಿ ರೂಲ್ಸ್’. ‘ಮೈನರ್ ಟ್ವೀಕ್’ ಎನ್ನುವುದು ಚಿಕ್ಕ ಮರಿ ಎಂದಂತೆ, ಒಂದು ಪದ ಹೆಚ್ಚಾಯಿತು. ‘ಮೇಜರ್ ಟ್ವೀಕ್’ ಅಂತೂ ತನ್ನನ್ನು ತಾನೇ ಅಲ್ಲಗಳೆಯುತ್ತದೆ. ಮೇಲಾಗಿ ಇದು ಸಲಿಗೆಯ ಪದ. ನ್ಯಾಯಾಲಯದ ಅರ್ಜಿಯಲ್ಲೋ ಕರಾರುಪತ್ರದಲ್ಲೋ ತಿದ್ದುಪಡಿ ಸೂಚಿಸಲು ‘ಅಮೆಂಡ್‌ಮೆಂಟ್’ ಇದ್ದೇ ಇದೆ.

‘ಅಡ್ಜಸ್ಟ್’ ಇದ್ದಲ್ಲೆಲ್ಲ ಟ್ವೀಕ್ ಹಾಕುವುದೂ ಸರಿಯಲ್ಲ. ಬಸ್ಸಿನಲ್ಲಿ ಮೂವರ ಸೀಟಿಗೆ ನಾಲ್ಕನೆಯವರು ಬಂದು ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ’ ಎಂದಾಗ ಅಡ್ಜಸ್ಟ್ ಆಗುವುದು ಮನುಷ್ಯರು. ಸೀಟು ಇಂಚೂ ಅಲುಗುವುದಿಲ್ಲ. ಟ್ವೀಕ್ ಮಾಡುವುದು ವಸ್ತುವನ್ನು, ಯೋಜನೆಯನ್ನು, ಬರಹವನ್ನು. ಅಲ್ಲಿ ಸಹಿಸಿಕೊಳ್ಳುವ ಅರ್ಥ ಇಲ್ಲವೇ ಇಲ್ಲ.

ಈ ಪದ ಕನ್ನಡಿಗರಿಗೆ ಹತ್ತಿರವಾದ ಇನ್ನೊಂದು ಅಂಗಳ ಕ್ರಿಕೆಟ್. ಚೆಂಡನ್ನು ಬೆರಳು, ಮಣಿಕಟ್ಟಿನಿಂದ ತಿರುಚುವ ಸ್ಪಿನ್ ಬೌಲರಿಗೆ ಇಂಗ್ಲಿಷ್ ಕ್ರೀಡಾಪುಟಗಳಲ್ಲಿ ‘ಟ್ವೀಕರ್’ ಎಂಬ ಹೆಸರುಂಟು. ಟೆಸ್ಟ್‌ಗಳಲ್ಲಿ 189 ವಿಕೆಟ್ ಪಡೆದ ಪ್ರಸನ್ನ ಅವರಿಗೆ ಅದು ಚೆನ್ನಾಗಿ ಒಪ್ಪುತ್ತದೆ. 619 ವಿಕೆಟ್‌ಗಳ ಅನಿಲ್ ಕುಂಬ್ಳೆ ಅವರನ್ನೂ ಹಾಗೆ ಕರೆದದ್ದುಂಟಾದರೂ, ತಿರುವಿಗಿಂತ ವೇಗ, ಪುಟಿತಗಳನ್ನು ನೆಚ್ಚಿದ ಅವರ ಬೌಲಿಂಗಿಗೆ ಆ ಪದ ಎಷ್ಟು ಸರಿ ಎಂಬ ಚರ್ಚೆಗೆ ಅವಕಾಶವಿದೆ. ಇತ್ತ ಸ್ನಾಯು ಸ್ವಲ್ಪ ಎಳೆದು ಉಳುಕಿದರೂ ಆಟಗಾರ ತೊಡೆಯನ್ನು ‘ಟ್ವೀಕ್’ ಮಾಡಿಕೊಂಡ ಎಂದೇ ವರದಿಯಾಗುತ್ತದೆ. ಆದರೆ ಅಮೆರಿಕದಲ್ಲಿರುವ ಬಂಧುಗಳಿಗೆ ಪಂದ್ಯದ ಸುದ್ದಿ ಬರೆಯುವವರು ತುಸು ಜೋಪಾನವಾಗಿರಬೇಕು. ಅಲ್ಲಿನ ಬೀದಿಮಾತಿನಲ್ಲಿ ‘ಟ್ವೀಕರ್’ ಎಂದರೆ ಮೆಥಾಂಫೆಟಮಿನ್ ಎಂಬ ಮಾದಕ ವಸ್ತುವಿನ ಚಟಕ್ಕೆ ಬಿದ್ದವನು. ‘ಕರ್ನಾಟಕದ ಹೆಮ್ಮೆಯ ಟ್ವೀಕರ್’ ಎಂದು ಬರೆದು ಕಳುಹಿಸಿದರೆ, ಅಲ್ಲೇ ಹುಟ್ಟಿ ಬೆಳೆದ ಮೊಮ್ಮಕ್ಕಳು ಅಜ್ಜನಿಗೆ ಫೋನ್ ಮಾಡಿ ವಿಚಾರಿಸಿಕೊಂಡಾರು.